ದಳವೂ ನೆಲವೂ

2025ರ ಜನವರಿ 9ರ ಬೆಳಿಗ್ಗೆ ನಮ್ಮ ಬೈರಾಪಟ್ಟಣದ ಟೀ ಅಂಗಡಿಯ ಮುಂದಿನ ಹಾಸುಗಲ್ಲಿನ ಮೇಲೆ ಕುಳಿತು ಅಂದಿನ ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ನಾಲ್ಕಾರು ಮಂದಿಯ ನಡುವೆ, ಜೀವಮಾನವನ್ನೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳು ಮೇಯಿಸುವುದರಲ್ಲಿಯೇ ಕಳೆದ ವೃದ್ಧರೊಬ್ಬರು, ಹಿಂದಿನ ದಿನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಶರಣಾದ ಆರು ಮಂದಿ ನಕ್ಸಲರ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, ನನ್ನ ಕಡೆಗೆ ತಿರುಗಿ, "ಅಲ್ಲ ಕಣಪ್ಪಾ, ಆರು ಜನ ಇಟ್ಕೊಂಡು ಅದೆಂಥಾ ಸೈನ್ಯ? ಅವ್ರನ್ನ ಕಾಡಿಂದ ಈಚೆಗೆ ತರಕ್ಕೆ ಇಪ್ಪತ್ತು ವರ್ಷ ಬೇಕಾಯ್ತಾ?" ಎಂದು ಕೇಳಿದರು. ಪ್ರಶ್ನೆ ಎರಡಾಗಿದ್ದರೂ ಅವುಗಳ ಬೇರು ಒಂದೇ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನವನ್ನು ತರಲಿಲ್ಲವಾದ ಕಾರಣ, ಆ ಹಿರಿಯರಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಈ ಅಂಕಣದಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಸೈನ್ಯವೆಂದೊಡನೆ ನಮ್ಮ ಸೀಮೆಯ ಜನರ ಕಣ್ಣಿಗೆ ಕೋಟೆ ಕಟ್ಟುವುದು ಸಹಜ. ಮಾಗಡಿಯ ಸಾವನದುರ್ಗ, ರಾಮನಗರದ ರಾಮಗಿರಿ, ಆಚೆಗೆ ಹುತ್ರಿದುರ್ಗ, ಹುಲಿಯೂರುದುರ್ಗ ಎಂದು ಬೆಟ್ಟಕ್ಕೊಂದು ಕೋಟೆಯುಳ್ಳ ನಾಡಿದು. ಮಾಗಡಿಯ ಕೆಂಪೇಗೌಡರ ವಂಶಕ್ಕೆ ಆಶ್ರಯವಾಗಿದ್ದು 1728ರಲ್ಲಿ ಮೈಸೂರಿನ ವಶವಾದ ಸಾವನದುರ್ಗವನ್ನು, ಅಭೇದ್ಯವೆಂದು ಲೋಕವೆಲ್ಲ ನಂಬಿದ್ದ ಆ ಏಕಶಿಲಾ ಪರ್ವತವನ್ನು, 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯವು ಫಿರಂಗಿಗಳಿಂದ ಗೋಡೆ ಒಡೆದು ಹಿಡಿದುಕೊಂಡಿತು. ಅದು ಬಿದ್ದ ಕೆಲವೇ ದಿನಗಳಲ್ಲಿ ಸುತ್ತಣ ಗಿರಿದುರ್ಗಗಳೂ ಒಂದರ ಹಿಂದೊಂದಾಗಿ ಬಿದ್ದುವು. ಕೋಟೆಯ ಬಲವೂ ಕೋಟೆಯ ದೌರ್ಬಲ್ಯವೂ ಒಂದೇ ಸಂಗತಿಯಲ್ಲಿ ಅಡಗಿರುವುದು: ಅದು ಇದ್ದಲ್ಲಿಯೇ ಇರುತ್ತದೆ, ಎಲ್ಲರಿಗೂ ಕಾಣುತ್ತದೆ. ಕೌಟಿಲ್ಯನು ಯುದ್ಧವನ್ನು ಪ್ರಕಾಶಯುದ್ಧ, ಕೂಟಯುದ್ಧ, ತೂಷ್ಣೀಂಯುದ್ಧ ಎಂದು ಮೂರು ಬಗೆಯಾಗಿ ವಿಂಗಡಿಸಿದಾಗ, ಹಗಲು ಬೆಳಕಿನಲ್ಲಿ ಸ್ಥಳ ಕಾಲಗಳನ್ನು ಗೊತ್ತುಮಾಡಿಕೊಂಡು ಕಾದುವುದನ್ನು ಮೊದಲನೆಯದಕ್ಕೂ, ಹೊಂಚಿ ಹೊಡೆದು ಮರೆಯಾಗುವುದನ್ನು ಎರಡನೆಯದಕ್ಕೂ ಸೇರಿಸಿದನು. 1808ರ ಬಳಿಕ ನೆಪೋಲಿಯನ್ನನ ದಂಡಿಗೆ ಸ್ಪೇನಿನ ರೈತರು ಕೊಟ್ಟ ಕಾಟದಿಂದ ಲೋಕಪ್ರಸಿದ್ಧವಾದ, 'ಚಿಕ್ಕ ಯುದ್ಧ' ಎಂಬರ್ಥದ ಗೆರಿಲ್ಲಾ ಎಂಬ ಪದ ನಮಗೆ ಹೊಸದಾಗಿರಬಹುದು, ವಸ್ತು ಹೊಸದಲ್ಲ. ಶ್ರೀರಂಗಪಟ್ಟಣವು 1799ರ ಮೇ 4ರಂದು ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘನು, ಟಿಪ್ಪುವಿನ ಚದರಿದ ಕುದುರೆ ಸವಾರರನ್ನು ಕೂಡಿಸಿಕೊಂಡು, ಮೈಸೂರಿನ ಗಡಿಯಲ್ಲಿ ಒತ್ತಡ ಬಂದಾಗ ಮರಾಠರ ಸೀಮೆಗೆ ದಾಟಿ, ಅಲ್ಲಿಂದ ಮತ್ತೆ ಹಿಂದಿರುಗಿ, ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯಂಥ ಸೇನಾನಿಯನ್ನು ತಿಂಗಳುಗಟ್ಟಲೆ ಅಲೆಯಿಸಿ, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಮಡಿದನು. ಗಡಿಯ ಎರಡೂ ಮಗ್ಗುಲನ್ನು ಬಳಸಿಕೊಳ್ಳುವ ಆ ಉಪಾಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇರೊಂದು ವೇಷದಲ್ಲಿ ನಮ್ಮೆದುರಿಗೆ ಬರಲಿದೆ.

ಈಗ ಆ ಆರು ಮಂದಿಯ ವಿಚಾರ. ಅವರು ಬಿಡಿಯಾಗಿ ಕಾಡು ಸೇರಿದ ಆರು ಮಂದಿಯಾಗಿರಲಿಲ್ಲ. ಬಹು ದೊಡ್ಡದೊಂದು ಕಟ್ಟಡದ ತೀರ ಕೆಳಗಿನ ಒಂದು ಮೂಲೆಯಲ್ಲಿ ಉಳಿದುಕೊಂಡಿದ್ದ ಆರು ಇಟ್ಟಿಗೆಗಳಾಗಿದ್ದರು. ಆಂಧ್ರದ ಪೀಪಲ್ಸ್ ವಾರ್ ಪಕ್ಷವೂ ಬಿಹಾರದ ಕಡೆಯ ಮಾವೋವಾದಿ ಕಮ್ಯುನಿಸ್ಟ್ ಕೇಂದ್ರವೂ 2004ರ ಸೆಪ್ಟೆಂಬರ್ 21ರಂದು ಕೂಡಿಕೊಂಡು ಸಿಪಿಐ (ಮಾವೋವಾದಿ) ಎಂಬ ಪಕ್ಷವಾದುವು. ಅದರ ಸಶಸ್ತ್ರ ಅಂಗಕ್ಕೆ ಜನ ವಿಮೋಚನಾ ಗೆರಿಲ್ಲಾ ಸೇನೆಯೆಂದು ಹೆಸರು. ಈ ಸೇನೆಯ ಹುಟ್ಟುಹಬ್ಬವೆಂದು ಆಚರಿಸುವ ಡಿಸೆಂಬರ್ 2ನೆಯ ದಿನಕ್ಕೂ ನಮ್ಮ ಬೆಂಗಳೂರಿಗೂ ಸಂಬಂಧವುಂಟೆಂಬುದನ್ನು ಬಹುಮಂದಿ ಅರಿಯರು: 1999ರ ಅದೇ ದಿನ ಕರೀಂನಗರ ಜಿಲ್ಲೆಯ ಕೊಯ್ಯೂರಿನ ಕಾಡಿನಲ್ಲಿ ಹತರಾದ ಪೀಪಲ್ಸ್ ವಾರ್ ಪಕ್ಷದ ಮೂವರು ಕೇಂದ್ರ ನಾಯಕರನ್ನು ಬೆಂಗಳೂರಿನಲ್ಲಿ ಹಿಡಿದು ಅಲ್ಲಿಗೆ ಒಯ್ದು ಕೊಂದರೆಂಬುದು ಹಕ್ಕುಗಳ ಸಂಘಟನೆಗಳ ಆರೋಪವಾಗಿತ್ತು, ಅವರ ನೆನಪಿಗೆಂದೇ ಮರುವರ್ಷದ ಅದೇ ದಿನ ಪೀಪಲ್ಸ್ ವಾರ್ ಪಕ್ಷವು ಈ ಸೇನೆಯ ಮೊದಲ ರೂಪವನ್ನು ಸ್ಥಾಪಿಸಿತು.

ಈ ಸೇನೆಯ ರಚನೆಯಲ್ಲಿ ಮೊದಲು ತಿಳಿಯಬೇಕಾದುದು, ಬಂದೂಕಿನ ಮೇಲೆ ಸಮಿತಿಯೊಂದು ಸದಾ ಕುಳಿತಿರುವುದೆಂಬ ಸಂಗತಿ. ಎಲ್ಲಕ್ಕೂ ಮೇಲೆ ಕೇಂದ್ರ ಸಮಿತಿ, ಅದರ ಪಾಲಿಟ್‌ಬ್ಯೂರೋ. ಯುದ್ಧದ ವಿಷಯಗಳಿಗೆ ಕೇಂದ್ರ ಸೇನಾ ಆಯೋಗ. ಅದರ ಕೆಳಗೆ ಹಲವು ರಾಜ್ಯಗಳನ್ನು ಒಟ್ಟಿಗೆ ನೋಡಿಕೊಳ್ಳುವ ಪ್ರಾದೇಶಿಕ ಬ್ಯೂರೋಗಳು. ಕರ್ನಾಟಕ, ಕೇರಳ, ತಮಿಳುನಾಡುಗಳು ನೈಋತ್ಯ ಪ್ರಾದೇಶಿಕ ಬ್ಯೂರೋವಿನ ಪಾಲಿನವು. ಬ್ಯೂರೋವಿನ ಕೆಳಗೆ ರಾಜ್ಯ ಸಮಿತಿ ಅಥವಾ ವಿಶೇಷ ವಲಯ ಸಮಿತಿ, ಅದರ ಕೆಳಗೆ ಪ್ರದೇಶ ಸಮಿತಿಗಳು, ಕಟ್ಟಕಡೆಗೆ ಕಾಡಿನಲ್ಲಿ ಹೆಜ್ಜೆಯಿಟ್ಟು ನಡೆಯುವ ದಳ. ದಳದ ಕಮಾಂಡರನು ತನ್ನಿಚ್ಛೆಯಂತೆ ಗುಂಡು ಹಾರಿಸತಕ್ಕವನಲ್ಲ, ಸಮಿತಿಯ ತೀರ್ಮಾನವನ್ನು ನಡೆಸತಕ್ಕವನು. ಎಷ್ಟೋ ವೇಳೆ ಪ್ರದೇಶ ಸಮಿತಿಯ ಕಾರ್ಯದರ್ಶಿಯೂ ದಳದ ನಾಯಕನೂ ಒಬ್ಬನೇ ಆಗಿರುವುದರಿಂದ, ಭಾಷಣ ಮಾಡುವ ಬಾಯಿಯೂ ಕುದುರೆ ಎಳೆಯುವ ಬೆರಳೂ ಒಂದೇ ದೇಹದ್ದಾಗಿರುವುದುಂಟು.

ಸೇನೆಯು ತನ್ನನ್ನು ಮೂರು ಸ್ತರಗಳಾಗಿ ಭಾವಿಸಿಕೊಳ್ಳುತ್ತದೆ. ಪ್ಲಟೂನು, ಕಂಪನಿ, ಬೆಟಾಲಿಯನ್ನುಗಳೆಂಬ ದೊಡ್ಡ ತುಕಡಿಗಳದು ಪ್ರಧಾನ ಬಲ. ಒಂದು ಪ್ರದೇಶಕ್ಕೆ ಸೀಮಿತವಾಗಿ ಸಂಚರಿಸುವ ಸ್ಥಳೀಯ ದಳಗಳದು ದ್ವಿತೀಯ ಬಲ. ಊರಿನಲ್ಲಿಯೇ ಇದ್ದು, ಹಗಲು ಹೊಲದಲ್ಲಿ ದುಡಿದು, ಕರೆ ಬಂದಾಗ ಬಿಲ್ಲನ್ನೋ ನಾಡಬಂದೂಕನ್ನೋ ಹಿಡಿದು ಬರುವ ಹಳ್ಳಿಗರದು ಮೂಲಬಲ. ಈ ಮೂರನೆಯದನ್ನು ನಮ್ಮವರಿಗೆ ತಿಳಿಯಹೇಳಲು ದೂರದ ಚೀನಾಕ್ಕೆ ಹೋಗಬೇಕಾಗಿಲ್ಲ. ಹಳೆಯ ಮೈಸೂರಿನಲ್ಲಿ ಕಂದಾಚಾರವೆಂಬ ವ್ಯವಸ್ಥೆಯಿದ್ದಿತು; ಕಂದಾಚಾರದ ಆಳು ತನ್ನೂರಿನಲ್ಲಿ ಬೇಸಾಯ ಮಾಡಿಕೊಂಡೇ ಕಾವಲು ಕಾಯುತ್ತಿದ್ದನು, ಬೇಕೆಂದಾಗ ದಂಡಿಗೆ ಹೋಗುತ್ತಿದ್ದನು; ಸರ್ಕಾರದ ಕಣ್ಣೂ ಕಿವಿಯೂ ಅವನೇ ಆಗಿದ್ದನು. ಯಾವ ರಾಜ್ಯಕ್ಕೇ ಆಗಲಿ, ರಾಜ್ಯವನ್ನು ಎದುರಿಸುವ ಪಡೆಗೇ ಆಗಲಿ, ಅನ್ನವೂ ಸುದ್ದಿಯೂ ಹುಟ್ಟುವುದು ಈ ಅಡಿಯ ಸ್ತರದಲ್ಲಿ. ಮೇಲಿನ ಎರಡು ಸ್ತರಗಳು ಎಷ್ಟೇ ಶೂರವಾಗಿದ್ದರೂ ಅವು ತಿನ್ನುವುದು ಕೆಳಗಿನವರು ಬೇಯಿಸಿದುದನ್ನೇ.

ಛತ್ತೀಸಗಢದ ಬಸ್ತರಿನಲ್ಲಿ, ದಂಡಕಾರಣ್ಯವೆಂದು ಅವರು ಕರೆಯುವ ಸೀಮೆಯಲ್ಲಿ, ಈ ಮೂರು ಸ್ತರಗಳೂ ಒಂದು ಕಾಲದಲ್ಲಿ ತುಂಬಿ ನಿಂತಿದ್ದುವು. 2010ರ ಏಪ್ರಿಲ್ 6ರಂದು ತಾಡ್‌ಮೇಟ್ಲದ ಬಳಿ 76 ಮಂದಿ ಭದ್ರತಾ ಸಿಬ್ಬಂದಿ ಒಂದೇ ಬೆಳಗಿನಲ್ಲಿ ಹತರಾದರೆಂದರೆ, ಅದು ಐದಾರು ಜನರ ದಳದ ಕೆಲಸವಲ್ಲ. ಕಂಪನಿಗಳು ಕಲೆತು, ಸುತ್ತಣ ಊರುಗಳ ಮೂಲಬಲವು ದಾರಿ ಕಾದು ಸುದ್ದಿ ಮುಟ್ಟಿಸಿ ಗಾಯಾಳುಗಳನ್ನು ಹೊತ್ತಲ್ಲದೆ ಅಂಥ ಘೋರ ಕಾರ್ಯ ನಡೆಯುವಂತಿರಲಿಲ್ಲ. ನಮ್ಮ ಮಲೆನಾಡಿಗೆ ಬಂದುದು ಇದೇ ನಕ್ಷೆ. ಆದರೆ ನಕ್ಷೆಯನ್ನು ತರುವುದು ಸುಲಭ, ಅದಕ್ಕೆ ತಕ್ಕ ನೆಲವನ್ನು ತರಲಾಗುವುದಿಲ್ಲ. ಮಲೆನಾಡಿನ ನಕ್ಸಲ್ ಚಳವಳಿಯ ಇಪ್ಪತ್ತು ವರ್ಷಗಳ ವೃತ್ತಾಂತವನ್ನು ನಾನು ಹೀಗೆಯೇ ಓದಿಕೊಂಡಿದ್ದೇನೆ.

ತೆಲಂಗಾಣದ ನೆರೆಯ ರಾಯಚೂರಿನ ಬಯಲಿನಲ್ಲಿ ಮೊದಲು ಬೇರೂರಲು ಯತ್ನಿಸಿದ ಈ ಸಂಘಟನೆ, ಈ ಶತಮಾನದ ಮೊದಲ ವರ್ಷಗಳಲ್ಲಿ ಪಶ್ಚಿಮ ಘಟ್ಟದ ಕಡೆಗೆ ತಿರುಗಿದುದಕ್ಕೆ ಕಾರಣಗಳು ಸ್ಪಷ್ಟವಾಗಿದ್ದುವು. ಶೃಂಗೇರಿ, ಕೊಪ್ಪ, ಮೂಡಿಗೆರೆ, ಕಾರ್ಕಳ, ಬೆಳ್ತಂಗಡಿಗಳ ನಡುವಣ ಸುಮಾರು 600 ಚದರ ಕಿಲೋಮೀಟರು ಕಾಡನ್ನು ಸರ್ಕಾರವು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಉದ್ದೇಶಿಸಿ 2001ರಲ್ಲಿ ಅಂತಿಮವಾಗಿ ಘೋಷಿಸಿದಾಗ, ತಲೆತಲಾಂತರದಿಂದ ಅದರೊಳಗೆ ಬಾಳುತ್ತ ಬಂದಿದ್ದ ಮಲೆಕುಡಿಯರು, ಗೌಡಲು ಜನ ಮತ್ತು ಸಣ್ಣ ಹಿಡುವಳಿಯ ರೈತರು ತಾವು ಇಂದೋ ನಾಳೆಯೋ ಒಕ್ಕಲೇಳಬೇಕಾದವರೆಂಬ ಭೀತಿಗೆ ಒಳಗಾದರು. ಅದೇ ಕಾಡಿನ ನಡುವೆ ಕಬ್ಬಿಣದ ಅದಿರಿನ ಗಣಿಯು ದಶಕಗಳಿಂದ ಬೆಟ್ಟವನ್ನು ಬಗೆಯುತ್ತಿದ್ದು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಲ್ಲುವವರೆಗೂ ನಡೆದೇ ಇದ್ದಿತೆಂಬುದು ಆ ಬಡವರ ಕಣ್ಣಿಗೆ ಕಾಣದೆ ಹೋದೀತೆ? ಗುದ್ದಲಿ ಹಿಡಿದವನು ಕಾಡಿಗೆ ಶತ್ರು, ಯಂತ್ರ ತಂದವನು ಕಾಡಿಗೆ ಮಿತ್ರನೆಂಬ ಈ ವಿಪರೀತ ನ್ಯಾಯವು ಹುಟ್ಟಿಸಿದ ಕುದಿಯನ್ನು ನಾನು ಎಂದಿಗೂ ಹಗುರವಾಗಿ ಕಾಣಲಾರೆ. ಆ ಕುದಿಯೇ ದಳಕ್ಕೆ ಬಾಗಿಲು ತೆರೆಯಿತು. ಶರಣಾದವರಲ್ಲಿ ಮೂವರು ಹೆಣ್ಣುಮಕ್ಕಳು ಆ ಘಟ್ಟದ ಊರುಗಳವರೇ.

2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದು ಗ್ರಾಮದ ಮನೆಯೊಂದರ ಬಳಿ ಇಬ್ಬರು ತರುಣಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಲಿಗೆಯಲ್ಲಿ ನಾಯಕರಾದ ಸಾಕೇತ್ ರಾಜನ್ ಜೊತೆಗಾರನೊಬ್ಬನೊಡನೆ ಹತರಾದರು. ಮೈಸೂರಿನಿಂದ ಬಂದ ಈತ ದೆಹಲಿಯಲ್ಲಿ ಪತ್ರಿಕೋದ್ಯಮವನ್ನು ಓದಿದವರು, ಕರ್ನಾಟಕದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಾಗಿ ಬರೆದವರು. ಅದರ ಎರಡನೆಯ ಸಂಪುಟವು 1800ರಿಂದ 1857ರವರೆಗಿನ ಸಶಸ್ತ್ರ ಹೋರಾಟಗಳಿಗೆ ಮೀಸಲಾದುದು. ವಿದ್ಯೆ, ಪರಿಶ್ರಮ, ಕನ್ನಡ ನಾಡಿನ ಬಡವರ ಮೇಲಿನ ಮಮತೆ ಇವಿಷ್ಟನ್ನೂ ಉಳ್ಳ ಮನಸ್ಸೊಂದು ಕೋವಿಯ ದಾರಿಯನ್ನು ಆಯ್ದುಕೊಂಡು ಐವತ್ತು ವರ್ಷ ತುಂಬುವ ಮೊದಲೇ ಮಳೆಕಾಡಿನಲ್ಲಿ ನಂದಿಹೋದುದನ್ನು ನೆನೆದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ. ಆ ಸಾವಿನ ಬೆನ್ನಿಗೆ, ನಾಲ್ಕೈದು ದಿನಗಳೊಳಗೆ, ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ರಾತ್ರಿಯ ವೇಳೆ ದಾಳಿ ನಡೆಯಿತು. ಸತ್ತವರೂ ಬಡವರ ಮನೆಯ ಮಕ್ಕಳೇ. ಅದೇ ವರ್ಷ ಸರ್ಕಾರ ನಕ್ಸಲ್ ನಿಗ್ರಹ ದಳವನ್ನು ಕಟ್ಟಿ ಕಾರ್ಕಳವನ್ನು ಅದರ ಕೇಂದ್ರವನ್ನಾಗಿ ಮಾಡಿತು.

ಇಪ್ಪತ್ತು ವರ್ಷ ಏಕೆ ಬೇಕಾಯಿತೆಂಬ ಹಿರಿಯರ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ, ಒಂದು ಹೋಲಿಕೆಯಿಂದ ಅದು ಸ್ಪಷ್ಟವಾದೀತು. ನಮ್ಮ ಕನಕಪುರದ ಸಂಗಮದ ಕಾಡು ಕಾವೇರಿಯ ಉದ್ದಕ್ಕೂ ಹಬ್ಬಿ, ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಬಂಡೀಪುರಗಳ ಮೂಲಕ ವಯನಾಡನ್ನು ಮುಟ್ಟುವ ಒಂದೇ ಅರಣ್ಯಪಟ್ಟಿ. ಆ ಪಟ್ಟಿಯ ಪೂರ್ವಭಾಗದಲ್ಲಿ ಡಕಾಯಿತ ವೀರಪ್ಪನ್ ಮೆರೆದುದನ್ನೂ, 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರರನ್ನು ಒಯ್ದುದನ್ನೂ ನಮ್ಮ ಜಿಲ್ಲೆಯಲ್ಲಿ ಮರೆತವರಿಲ್ಲ. ಅವನದು ತಂಡ, ರಚನೆಯಲ್ಲ. 2004ರ ಅಕ್ಟೋಬರ್ 18ರಂದು ಆತ ಸತ್ತನು. ತಂಡವೂ ಅಂದೇ ಮುಗಿಯಿತು. ಸಾಕೇತ್ ರಾಜನ್ ಸತ್ತ ಮರುದಿನವಾದರೋ ಸಮಿತಿ ಉಳಿದಿತ್ತು. ಮತ್ತೊಬ್ಬರು ಆ ಸ್ಥಾನಕ್ಕೆ ಬಂದರು. ಡಕಾಯಿತನ ತಂಡಕ್ಕೆ ತಲೆಯೊಂದೇ. ಗೆರಿಲ್ಲಾ ಸಂಘಟನೆಯಲ್ಲಿ ತಲೆಯೆಂಬುದು ಒಂದು ಹುದ್ದೆ. ಆದುದರಿಂದಲೇ ನಾಯಕರು ಒಬ್ಬೊಬ್ಬರಾಗಿ ಬಿದ್ದರೂ ದಳವು ಕುಗ್ಗುತ್ತ ಕುಗ್ಗುತ್ತ ಇಪ್ಪತ್ತು ವರ್ಷ ಜೀವ ಹಿಡಿದುಕೊಂಡಿದ್ದಿತು.

ಕುಗ್ಗಿದುದೇಕೆಂಬುದನ್ನು ಅರಿಯಬೇಕಾದರೆ ಸಮಿತಿಗಳ ಹೆಸರುಗಳನ್ನು ಬಿಟ್ಟು ಘಟ್ಟದ ಒಂದು ಮನೆಯ ಅಂಗಳಕ್ಕೆ ಬರಬೇಕು. ಮಲೆನಾಡಿನಲ್ಲಿ ನಮ್ಮ ಬಯಲುಸೀಮೆಯಂತೆ ಮನೆಗೆ ಮನೆ ತಗುಲಿಕೊಂಡ ಊರಿಲ್ಲ. ಒಂದು ಮನೆ, ಅದರ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹಳ್ಳ, ಆಮೇಲೆ ಮೈಲಿಯಾಚೆ ಇನ್ನೊಂದು ಮನೆ. ಅಲ್ಲಿನವರು ವರ್ಣಿಸುವ ಚಿತ್ರ ಎಲ್ಲ ಕಡೆಯೂ ಹೆಚ್ಚುಕಡಮೆ ಒಂದೇ. ಸಂಜೆ ದೀಪ ಹಚ್ಚಿದ ಮೇಲೆ ನಾಯಿ ಒಂದೇ ಸಮನೆ ಬೊಗಳುತ್ತದೆ. ತೋಟದ ಕಡೆಯಿಂದ ನಾಲ್ಕೈದು ಮಂದಿ ಹಸಿರು ಬಟ್ಟೆಯವರು ಬಂದು ಅಂಗಳದಲ್ಲಿ ನಿಲ್ಲುತ್ತಾರೆ. ಒಬ್ಬರು ಸೆಂಟ್ರಿಯಾಗಿ ದಣಪೆಯ ಬಳಿ ಹೊರಗೇ ಉಳಿಯುತ್ತಾರೆ. ಒಳಬಂದವರು ಬಂದೂಕನ್ನು ಜಗಲಿಯ ಗೋಡೆಗೆ ಒರಗಿಸಿ, ಕಾಲಿನ ಇಂಬಳಗಳನ್ನು ಕಿತ್ತು, ಬಿಸಿನೀರು ಕೇಳಿ, ಊಟ ಮಾಡುತ್ತಾರೆ. ಒಕ್ಕಲೆಬ್ಬಿಸುವ ವಿಷಯವನ್ನೂ ಭೂಮಿಯ ವಿಷಯವನ್ನೂ ಅರ್ಧ ಗಂಟೆ ಮಾತನಾಡುತ್ತಾರೆ. ಹೊರಡುವಾಗ ಅಕ್ಕಿ, ಬೇಳೆ, ಉಪ್ಪು, ಸಾಬೂನು ಕೇಳಿ ಚೀಲಕ್ಕೆ ತುಂಬಿಕೊಂಡು, ಬಂದ ದಾರಿಯಲ್ಲಿ ಹೋಗದೆ ಬೇರೆ ದಾರಿಯಲ್ಲಿ ಹೋಗುತ್ತಾರೆ. ಎರಡನೆಯ ದಿನವೋ ಮೂರನೆಯ ದಿನವೋ ಅದೇ ಅಂಗಳದಲ್ಲಿ ಬೂಟಿನ ಸದ್ದು. "ಯಾರು ಬಂದಿದ್ದರು? ಎಷ್ಟು ಜನ? ಅಕ್ಕಿ ಕೊಟ್ಟೆಯಾ?" ಕೊಟ್ಟೆನೆಂದರೆ ಠಾಣೆಗೆ ಅಲೆದಾಟ; ಇಲ್ಲವೆಂದರೆ ಸುಳ್ಳು. ಬಂದವರ ಸುದ್ದಿಯನ್ನು ಹೇಳಿದನೆಂದು ಕಾಡಿನವರಿಗೆ ಗುಮಾನಿ ಬಂದರೆ ಮಾಹಿತಿದಾರನೆಂಬ ಪಟ್ಟ, ಅದರ ಹಿಂದೆಯೇ ಮೃತ್ಯುಭೀತಿ. ಹೆಬ್ರಿಯ ಕಬ್ಬಿನಾಲೆಯ ಸುತ್ತಿನಲ್ಲಿಯೇ 2011ರ ಕೊನೆಗೆ ಹಾಗೆ ಶಂಕೆಗೆ ಗುರಿಯಾದ ಊರಿನವನೊಬ್ಬನ ಪ್ರಾಣ ಹೋಯಿತು.

ಆ ಮನೆಯಾತ ಕೊಟ್ಟ ಅಕ್ಕಿ ಎಂಥದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಹಸಿದು ಬಂದ ಅತಿಥಿಗೆ ಕೊಟ್ಟುದೇ, ಬಂದೂಕಿಗೆ ಅಂಜಿ ಕೊಟ್ಟುದೇ, ತನ್ನ ಸೈನ್ಯವೆಂದು ನಂಬಿ ಕೊಟ್ಟುದೇ? ಮೊದಲಿನ ಎರಡರಿಂದ ದಳವು ಒಂದು ರಾತ್ರಿ ಉಂಡೀತು. ಮೂರನೆಯದರಿಂದ ಮಾತ್ರ ಮೂಲಬಲ ಹುಟ್ಟೀತು. ಮಲೆನಾಡಿನಲ್ಲಿ ಮೂರನೆಯ ಬಗೆಯ ಅಕ್ಕಿ ಕೆಲವು ಮನೆಗಳಿಂದ, ಕೆಲವು ಕಾಲ ಮಾತ್ರ ಬಂದಿತು. ಅಲ್ಲಿನ ಬಡವನಿಗೂ ಅರ್ಧ ಎಕರೆ ಅಡಿಕೆಯುಂಟು, ಅದನ್ನು ಕಳೆದುಕೊಳ್ಳುವ ಭಯವುಂಟು, ಸೊಸೈಟಿಯಲ್ಲಿ ಸಾಲವುಂಟು, ಶಾಲೆಗೆ ಹೋಗುವ ಮಗನುಂಟು, ಆ ಮಗನಿಗೆ ಬೆಂಗಳೂರಿನ ಬಸ್ಸುಂಟು. ಅವನಿಗೆ ಬೇಕಾಗಿದ್ದುದು ತನ್ನ ಜಮೀನಿನ ಹಕ್ಕುಪತ್ರವೇ ಹೊರತು ದೆಹಲಿಯವರೆಗೆ ನಡೆಯುವ ದೀರ್ಘಯುದ್ಧವಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆ, ಒದ್ದೆ ಸೌದೆಯ ಹೊಗೆ ಮೇಲೆದ್ದು ಇರವನ್ನು ಸಾರುವ ಭಯ, ಡಂಪ್ ಎಂದು ಅವರು ಕರೆಯುವ ಹೂತಿಟ್ಟ ದಾಸ್ತಾನು ನೀರು ಕುಡಿದು ಕೊಳೆಯುವ ಕಷ್ಟ ಇವೆಲ್ಲವೂ ಇದ್ದುವು. ಆದರೆ ಇವುಗಳನ್ನು ಬಸ್ತರಿನವರೂ ಅನುಭವಿಸಿದವರೇ. ಅಲ್ಲಿದ್ದು ಇಲ್ಲಿ ಇಲ್ಲವಾದುದು ಅಡಿಯ ಸ್ತರ.

ಈ ಸತ್ಯವನ್ನು ಮೊದಲು ಕಂಡವರು ಆ ಸಂಘಟನೆಯೊಳಗಿನವರೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಜನಬಲವಿಲ್ಲದೆ ಮಲೆನಾಡಿನಲ್ಲಿ ಬಂದೂಕು ಎತ್ತಿದುದು ಅಕಾಲಿಕ, ಮೊದಲು ಬಯಲಿನ ಜನರ ನಡುವೆ ಸಂಘಟನೆ ನಡೆಯಬೇಕೆಂದು ವಾದಿಸಿದವರು 2006ರ ಸುಮಾರಿಗೆ ಪಕ್ಷದಿಂದ ಬೇರೆಯಾದರು. ಅವರಲ್ಲಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಎಂಬಿಬ್ಬರು 2014ರ ಡಿಸೆಂಬರ್ 8ರಂದು ಚಿಕ್ಕಮಗಳೂರಿನಲ್ಲಿ ಬಹಿರಂಗ ಜೀವನಕ್ಕೆ ಮರಳಿದರು. ಅವರನ್ನು ಕೈಹಿಡಿದು ಕರೆತಂದವರು ಪೊಲೀಸರಲ್ಲ, ನಾಗರಿಕರು: ಗೌರಿ ಲಂಕೇಶ್, ಎ.ಕೆ. ಸುಬ್ಬಯ್ಯ, ಮತ್ತು ನಮ್ಮ ಕನಕಪುರ ಸೀಮೆಯ ಹಾರೋಹಳ್ಳಿಯಲ್ಲಿ 1918ರಲ್ಲಿ ಹುಟ್ಟಿದ ಎಚ್.ಎಸ್. ದೊರೆಸ್ವಾಮಿಯವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡ ಆ ಗಾಂಧಿವಾದಿಗೆ ಆಗ ತೊಂಬತ್ತಾರು ವರ್ಷ. ಹಿಂಸೆಯನ್ನು ಲವಲೇಶವೂ ಒಪ್ಪದ ಅವರು ಹಿಂಸೆಗಿಳಿದವರ ಬಳಿಗೆ ತಾವೇ ನಡೆದುಹೋದರು. ಆ ದಾರಿ ಹಿಡಿದವರಿಗೆ ಅದು ತಪ್ಪೆಂದು ಮುಖಕ್ಕೆ ಹೇಳುವ ನೈತಿಕ ಅಧಿಕಾರವನ್ನು, ಅವರ ದೂರಿನಲ್ಲಿರುವ ನ್ಯಾಯವನ್ನು ಒಪ್ಪಿಕೊಳ್ಳುವುದರ ಮೂಲಕ ಸಂಪಾದಿಸಿಕೊಂಡರು. ನಮ್ಮ ಜಿಲ್ಲೆಯ ಮಣ್ಣಿನಿಂದ ಎದ್ದ ಪುರುಷರಲ್ಲಿ ಕೋಟೆ ಕಟ್ಟಿದವರನ್ನು ಸ್ಮರಿಸುವಷ್ಟೇ ಗೌರವದಿಂದ ಇವರನ್ನೂ ಸ್ಮರಿಸತಕ್ಕದ್ದು.

ಉಳಿದವರು ಹಿಡಿದ ದಾರಿ ಬೇರೆ. ಮಲೆನಾಡು ಬಿಗಿಯಾದಂತೆ ಅವರು ದಕ್ಷಿಣಕ್ಕೆ ಸರಿದು, ಕರ್ನಾಟಕ ಕೇರಳ ತಮಿಳುನಾಡುಗಳು ಕೂಡುವ ಮುಕ್ಕೂಟವನ್ನು ಆಶ್ರಯಿಸಿದರು. ಪಶ್ಚಿಮ ಘಟ್ಟ ವಿಶೇಷ ವಲಯ ಸಮಿತಿಯೆಂಬುದು ಈ ಸರಿದಾಟದ ಫಲ. ವಲಯದ ಎಲ್ಲೆಯನ್ನು ಅವರು ರಾಜ್ಯಗಳ ಗಡಿಯನ್ನು ನೋಡಿ ಎಳೆಯಲಿಲ್ಲ, ನೀರು ಹರಿಯುವ ದಾರಿಯನ್ನು ನೋಡಿ ಎಳೆದರು. ದಳಗಳ ಹೆಸರುಗಳೇ ಇದನ್ನು ಹೇಳುತ್ತವೆ: ಕಬಿನಿ ದಳ, ಭವಾನಿ ದಳ, ನೇತ್ರಾವತಿ ದಳ ಎಂದು ಹೊಳೆಗಳ ಹೆಸರು, ನಾಡುಕಾಣಿ ದಳವೆಂದು ಒಂದು ಕಣಿವೆದಾರಿಯ ಹೆಸರು. ತಾಲ್ಲೂಕು ಕಚೇರಿಯ ನಕ್ಷೆಯನ್ನು ಬದಿಗಿಟ್ಟು ನಾಡನ್ನು ಹೊಳೆ, ಕಣಿವೆ, ಕಾಲುದಾರಿಗಳ ಲೆಕ್ಕದಲ್ಲಿ ನೋಡುವುದು ಗೆರಿಲ್ಲಾ ರಚನೆಯ ಮರ್ಮ. ಒಂದು ರಾಜ್ಯದ ಪೊಲೀಸರು ಗಡಿಕಲ್ಲಿನ ಬಳಿ ನಿಲ್ಲಬೇಕಾಗುವಾಗ, ದಳವು ಗಡಿಕಲ್ಲನ್ನು ಕಾಣದವರಂತೆ ದಾಟಿಹೋಗುತ್ತದೆ. ಧೋಂಡಿಯ ವಾಘನ ಉಪಾಯವೇ ಇದು. ಇನ್ನೂರು ವರ್ಷಗಳ ತರುವಾಯ, ಕುದುರೆಯಿಲ್ಲದೆ, ಕಾಲ್ನಡೆಯಲ್ಲಿ.

ಆದರೆ ಮೂರು ರಾಜ್ಯಗಳ ಪಡೆಗಳು ಸುದ್ದಿಯನ್ನು ಹಂಚಿಕೊಳ್ಳತೊಡಗಿದ ಮೇಲೆ ಗಡಿಯ ಆಸರೆ ಸವೆಯಿತು. 2016ರ ನವೆಂಬರ್ 24ರಂದು ನಿಲಂಬೂರಿನ ಕಾಡಿನಲ್ಲಿ ಕೇಂದ್ರ ಸಮಿತಿಯ ಸದಸ್ಯರಾಗಿದ್ದ ಕುಪ್ಪು ದೇವರಾಜ್ ಕೇರಳ ಪೊಲೀಸರಿಂದ ಹತರಾದರು. 2019ರಲ್ಲಿ ಅಟ್ಟಪ್ಪಾಡಿಯಲ್ಲಿ ಇನ್ನೂ ನಾಲ್ವರು. 2021ರ ನವೆಂಬರಿನಲ್ಲಿ ವಲಯ ಸಮಿತಿಯ ಕಾರ್ಯದರ್ಶಿ, ಶೃಂಗೇರಿ ಸೀಮೆಯ ಕಾನೂನು ಪದವೀಧರ ಬಿ.ಜಿ. ಕೃಷ್ಣಮೂರ್ತಿ ವಯನಾಡಿನಲ್ಲಿ ಸೆರೆಯಾದರು. ಸಮಿತಿಯು ಖಾಲಿಯಾಗುತ್ತ ಬಂದಂತೆ, ಸತ್ತವರ ಸ್ಥಾನಕ್ಕೆ ಬರಬೇಕಾದ ಹೊಸಬರು ಮಾತ್ರ ಬರಲಿಲ್ಲ. ಹುದ್ದೆ ಉಳಿಯಿತು, ಅದಕ್ಕೆ ಮನುಷ್ಯರು ಉಳಿಯಲಿಲ್ಲ. ಕೇರಳದ ಒತ್ತಡದಿಂದ ಮತ್ತೆ ಮಲೆನಾಡಿಗೆ ಹಿಂದಿರುಗಿದವರಲ್ಲಿ ವಿಕ್ರಂ ಗೌಡ, ತಾನು ಹುಟ್ಟಿ ಬೆಳೆದ ಹೆಬ್ರಿಯ ಕಾಡಿನಲ್ಲಿಯೇ, ಕಬ್ಬಿನಾಲೆಯ ಪೀತಬೈಲಿನ ಮನೆಯೊಂದರ ಬಳಿ, 2024ರ ನವೆಂಬರ್ 18ರಂದು ಗುಂಡಿಗೆ ಬಿದ್ದನು. ಆತ ಅಲ್ಲಿಗೆ ದಿನಸಿಗೆಂದು ಬಂದಿದ್ದನೆಂದು ವರದಿಯಾಯಿತು.

ಐವತ್ತೊಂದು ದಿನಗಳ ಬಳಿಕ ಆ ಆರು ಮಂದಿ ಕಾಡಿನಿಂದ ಹೊರಬಂದರು. ಶೃಂಗೇರಿ ಸೀಮೆಯ ಮುಂಡಗಾರು ಲತಾ, ಕಳಸದ ಕಡೆಯ ಒಬ್ಬರು, ಬೆಳ್ತಂಗಡಿಯ ಕುತ್ಲೂರಿನ ಒಬ್ಬರು, ರಾಯಚೂರಿನ ಒಬ್ಬರು, ತಮಿಳುನಾಡಿನ ಒಬ್ಬರು, ವಯನಾಡಿನ ಒಬ್ಬರು. ನಾಲ್ವರು ಹೆಂಗಸರು, ಇಬ್ಬರು ಗಂಡಸರು. ಆ ಪತ್ರಿಕೆಯ ಚಿತ್ರದಲ್ಲಿ ಅವರು ಒಂದೇ ಸಾಲಿನಲ್ಲಿ ನಿಂತುದನ್ನು ನೋಡಿದಾಗ, ಮೂರು ರಾಜ್ಯಗಳ ವಲಯವೊಂದು ಒಂದು ಬೆಂಚಿನಲ್ಲಿ ಹಿಡಿಸುವಷ್ಟಾಗಿ ಉಳಿದಿರುವುದನ್ನು ಕಂಡೆ. ಆ ವೃದ್ಧರು ಕೇಳಿದುದು ಸರಿಯೇ: ಆರು ಮಂದಿಯದು ಸೈನ್ಯವಲ್ಲ. ಅವರ ಮೇಲೆ ವಲಯ, ಬ್ಯೂರೋ, ಆಯೋಗಗಳಿದ್ದುವು. ಅವರ ಕೆಳಗೆ ಯಾರೂ ಇರಲಿಲ್ಲ.

ಅದೇ 2025ರ ಫೆಬ್ರವರಿಯ ಮೊದಲೆರಡು ದಿನಗಳಲ್ಲಿ ಕೋಟೆಹೊಂಡ ರವೀಂದ್ರ, ತೊಂಬಟ್ಟು ಲಕ್ಷ್ಮಿ ಎಂಬಿಬ್ಬರೂ ಶರಣಾದ ಮೇಲೆ ರಾಜ್ಯವು ನಕ್ಸಲ್ ಮುಕ್ತವೆಂದು ಸರ್ಕಾರ ಸಾರಿತು. ಮೇ 21ರಂದು ಪಕ್ಷದ ಪ್ರಧಾನ ಕಾರ್ಯದರ್ಶಿಯೂ ಹಿಂದೆ ಸೇನಾ ಆಯೋಗದ ಮುಖ್ಯಸ್ಥನೂ ಆಗಿದ್ದ ಬಸವರಾಜು ಎಂಬ ನಂಬಾಲ ಕೇಶವರಾವ್ ಅಬೂಝ್‌ಮಾಡದಲ್ಲಿಯೂ, ನವೆಂಬರ್ 18ರಂದು ಬೆಟಾಲಿಯನ್ನಿನ ನಾಯಕನಾಗಿದ್ದ ಹಿಡ್ಮಾ ಆಂಧ್ರದ ಮಾರೇಡುಮಿಲ್ಲಿಯಲ್ಲಿಯೂ ಹತರಾದರು. ಮೇಲಿನ ಸ್ತರಗಳೂ ಹೀಗೆ ಕುಸಿದುವು. ನಮ್ಮ ನಕ್ಸಲ್ ನಿಗ್ರಹ ದಳದಿಂದಲೂ 248 ಮಂದಿಯನ್ನು ತೆಗೆದು, ಕರಾವಳಿಯ ಕೋಮುಗಲಭೆಗಳನ್ನು ಹತ್ತಿಕ್ಕಲೆಂದು ಕಟ್ಟಿದ ವಿಶೇಷ ಕಾರ್ಯಪಡೆಗೆ ಕೊಟ್ಟರು.

ಬಂದೂಕಿನ ಅಧ್ಯಾಯ ಮುಗಿಯಿತೆಂದು ನಾನು ಸಂತೋಷಪಡುತ್ತೇನೆ. ಇನ್ನು ಆ ಅಂಗಳಗಳಲ್ಲಿ ರಾತ್ರಿ ಹಸಿರು ಬಟ್ಟೆ, ಹಗಲು ಬೂಟಿನ ಸದ್ದು ಎರಡೂ ಇಲ್ಲ. ಆದರೆ ದಳಕ್ಕೆ ಬಾಗಿಲು ತೆರೆದಿದ್ದ ನೆಲದ ಪ್ರಶ್ನೆ ಶರಣಾಗತಿಯ ಪಟ್ಟಿಯಲ್ಲಿ ಸೇರಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಆದಿವಾಸಿಗಳಿಗೆ ಒಂದು ಅಳತೆಯನ್ನಿಟ್ಟು, ಇತರ ಅರಣ್ಯವಾಸಿಗಳು ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಅಲ್ಲಿಯೇ ವಾಸವಾಗಿದ್ದುದನ್ನು ರುಜುವಾತುಪಡಿಸಬೇಕೆಂದು ವಿಧಿಸುತ್ತದೆ. ಅಕ್ಷರವನ್ನೇ ಕಾಣದ ಅಜ್ಜನ ಕಾಲದ ಕಾಗದವನ್ನು ಮೊಮ್ಮಗನು ಎಲ್ಲಿಂದ ತರಬೇಕು? ತಂದ ಅರ್ಜಿಯನ್ನು ಕಂದಾಯ ಇಲಾಖೆ ಅರಣ್ಯ ಇಲಾಖೆಯ ಕಡೆಗೂ, ಅರಣ್ಯ ಇಲಾಖೆ ಕಂದಾಯದ ಕಡೆಗೂ ತೋರಿಸುತ್ತ ಕುಳಿತರೆ, ನಿಗ್ರಹ ದಳಕ್ಕೆ ಸುರಿದ ಇಪ್ಪತ್ತು ವರ್ಷಗಳ ಹಣವೂ ಎರಡು ಪಕ್ಷಗಳಲ್ಲಿ ಸುರಿದ ರಕ್ತವೂ ಯಾರ ಪ್ರಯೋಜನಕ್ಕೆ ಬಂದಿತು?

ನಮ್ಮ ಚನ್ನಪಟ್ಟಣ, ರಾಮನಗರ, ಮಾಗಡಿಗಳಿಂದ ವರ್ಷವರ್ಷವೂ ಬಸ್ಸು ಮಾಡಿಕೊಂಡು ಶೃಂಗೇರಿ, ಹೊರನಾಡು, ಧರ್ಮಸ್ಥಳಗಳಿಗೆ ಹೋಗಿಬರುವ ಕುಟುಂಬಗಳು ಅನೇಕ. ಆ ರಸ್ತೆಗಳ ಇಕ್ಕೆಲದ ಕಾಡೇ ಈ ಬರಹದ ಕಾಡು. ಮುಂದಿನ ಸಲ ಹೋದಾಗ ದರ್ಶನ ಮುಗಿಸಿ, ದಾರಿಯ ಬದಿಯ ಯಾವುದಾದರೂ ಮನೆಯವರೊಡನೆ ಎರಡು ಮಾತನಾಡಿ, ಹಕ್ಕುಪತ್ರ ಬಂತೇ ಎಂದು ವಿಚಾರಿಸಿ. ಬಂದಿಲ್ಲವೆಂದರೆ, ಊರಿಗೆ ಹಿಂದಿರುಗಿದ ಮೇಲೆ ಅದನ್ನು ನಮ್ಮ ಶಾಸಕರ ಕಿವಿಗೂ ಹಾಕಿ.